ಮನೆ ಒಡೆಯನದು, ಮುಖ ಬೀದಿಯದು

ಮನೆ ಕಟ್ಟಿಸಿದವನು ತನ್ನ ಮನೆಯ ಮುಂಗೋಡೆಯನ್ನು ದಿನಕ್ಕೆ ಎರಡು ಸಲ ನೋಡಿದರೆ ಹೆಚ್ಚು. ಹಾದಿಹೋಕರು ಅದನ್ನು ದಿನವಿಡೀ ನೋಡುತ್ತಾರೆ. ಹಾಗಾದರೆ ಆ ಗೋಡೆ ಯಾರದು? ನಗರಗಳ ಆಡಳಿತವನ್ನು ಹೊತ್ತವರು ಉತ್ತರ ಹೇಳಲೇಬೇಕಾದ ಪ್ರಶ್ನೆಯಿದು. ರಾಜಸ್ಥಾನದ ಒಬ್ಬ ಅರಸನು ಹಿಂದೆಯೇ ಇದಕ್ಕೊಂದು ಉತ್ತರ ಕೊಟ್ಟಿದ್ದನು. ಎರಡು ಶತಮಾನಗಳ ಮೇಲೆ ಅದನ್ನು ಮುಂದುವರಿಸಿದವರು ಬೆಂಗಳೂರಿನವರೊಬ್ಬರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಸವಾಯಿ ಜಯಸಿಂಹನು 1727ರಲ್ಲಿ ಆಂಬೇರಿನ ಬೆಟ್ಟವನ್ನಿಳಿದು ಬಯಲಿನಲ್ಲಿ ಜಯಪುರಕ್ಕೆ ಅಡಿಪಾಯ ಹಾಕಿದನು. ನಕ್ಷತ್ರಗಳ ಲೆಕ್ಕಾಚಾರದಲ್ಲಿ ನುರಿತಿದ್ದ ಅರಸನು ಬೀದಿಗಳ ವಿಷಯದಲ್ಲೂ ಅದೇ ಶಿಸ್ತನ್ನು ಬಯಸಿದನು. ಅವನಿಗೆ ನೆರವಾದವನು ಬಂಗಾಳ ಮೂಲದ ವಿದ್ಯಾಧರ ಭಟ್ಟಾಚಾರ್ಯ. ನೆಟ್ಟನೆಯ ಅಗಲವಾದ ರಾಜಬೀದಿಗಳು, ಅವು ಕೂಡುವಲ್ಲಿ ಚೌಪಡ್ ಎಂಬ ವಿಶಾಲ ಚೌಕಗಳು ಸಿದ್ಧವಾದುವು. ಆದರೆ ಬೀದಿ ಎಳೆದ ಮಾತ್ರಕ್ಕೆ ಊರಾಗುವುದಿಲ್ಲವಷ್ಟೆ. ಹಣವಂತ ವರ್ತಕರು ಬಂದು ನೆಲಸಬೇಕು. ಅರಸನು ಅವರನ್ನು ಕರೆಸಿ ನಿವೇಶನಗಳನ್ನು ಕೊಟ್ಟನು. ಜೊತೆಗೆ ಒಂದು ಕಟ್ಟಳೆಯನ್ನೂ ಇಟ್ಟನು: ರಾಜಬೀದಿಯ ಅಂಗಡಿಗಳ ಸಾಲು ಒಂದೇ ಅಳತೆಯಲ್ಲಿ, ಒಂದೇ ಗೆರೆಯಲ್ಲಿ ಇರತಕ್ಕದ್ದು. ಅದರ ಹಿಂದೆ ಮತ್ತು ಮೇಲೆ ವರ್ತಕನು ತನ್ನ ಶಕ್ತಿಗೂ ಅಭಿರುಚಿಗೂ ತಕ್ಕಂತೆ ಹವೇಲಿ ಕಟ್ಟಿಕೊಳ್ಳಬಹುದು. ಬೀದಿಗೆ ಕಾಣುವುದು ಊರಿನ ಅಧೀನ, ಒಳಗಿನದು ಒಡೆಯನ ಇಚ್ಛೆ.

1876ರಲ್ಲಿ ವೇಲ್ಸಿನ ರಾಜಕುಮಾರನ ಆಗಮನಕ್ಕೆಂದು ಮಹಾರಾಜ ರಾಮಸಿಂಹನು ಊರಿಗೆಲ್ಲ ಗುಲಾಬಿ ಬಣ್ಣ ಬಳಿಸಿದನು. ಅತಿಥಿ ಬಂದು ಹೋದನು. ಬಣ್ಣ ಮಾತ್ರ ಊರಿನ ಹೆಸರಾಗಿ ನಿಂತಿತು.

ಮೈಸೂರಿನಲ್ಲಿ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರು 1942ರಲ್ಲಿ ಜಯಪುರದ ಪ್ರಧಾನಿಗಳಾದರು. ಮೈಸೂರು, ಬೆಂಗಳೂರುಗಳ ವೃತ್ತಗಳನ್ನೂ ಉದ್ಯಾನಗಳನ್ನೂ ಅಕ್ಕರೆಯಿಂದ ನೋಡಿಕೊಂಡಿದ್ದ ಕಣ್ಣು ಅದು. 1946ರವರೆಗಿನ ಅವರ ಆಡಳಿತದಲ್ಲಿ ಹಳೆಯ ಬಜಾರುಗಳ ಅಂಗಡಿಗಳ ಮುಂದೆ ಒಂದೇ ಬಗೆಯ ಕಂಬಗಳ ಪಡಸಾಲೆಗಳು ಎದ್ದುವು. ಮರುಭೂಮಿಯ ಅಂಚಿನ ಆ ಊರಿನ ಬಿಸಿಲಿನಲ್ಲಿ ನಡೆಯುವವರಿಗೆ ನೆರಳಾಯಿತು. ನೆರಳಿಗೆ ಬಂದವರು ನಿಂತು ಸರಕು ನೋಡಿದರೆ ಅಂಗಡಿಯವನಿಗೂ ಲಾಭವೇ. ಕೋಟೆಯ ಹೊರಗೆ ಅವರು ಮಾಡಿಸಿದ ಹೆದ್ದಾರಿಗೆ ಇಂದಿಗೂ ಅವರದೇ ಹೆಸರು.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. ಕಾಲಕ್ರಮದಲ್ಲಿ ಅಂಗಡಿಗಳೇ ಪಡಸಾಲೆಗೆ ಚಾಚಿಕೊಂಡು, ನಡೆಯುವವರು ಮತ್ತೆ ಬಿಸಿಲಿಗೆ ಬಿದ್ದರು. ಕೊನೆಗೆ ಒತ್ತುವರಿಯನ್ನು ತೆರವು ಮಾಡಿಸಲು ನ್ಯಾಯಾಲಯವೇ ಮುಂದಾಗಬೇಕಾಯಿತು. 2019ರಲ್ಲಿ ಕೋಟೆಯೊಳಗಿನ ನಗರವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಟ್ಟಳೆ ಮಾಡುವುದು ಒಂದು ದಿನದ ಕೆಲಸ, ಕಾಯುವುದು ನಿತ್ಯದ ಕೆಲಸ.

ಅರಸರಿಗೂ ದಿವಾನರಿಗೂ ಅಪ್ಪಣೆ ಕೊಡುವ ಅಧಿಕಾರವಿತ್ತು, ಚುನಾಯಿತ ಪೌರಸಭೆಗಳಿಗೆ ಅದೆಲ್ಲಿ ಸಾಧ್ಯ ಎಂದು ವಾಚಕರು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಜಯಸಿಂಹನ ಕಟ್ಟಳೆ ಬಾಳಿದ್ದು ಕೇವಲ ಅಧಿಕಾರದ ಬಲದಿಂದಲ್ಲ. ಅದು ಕೇಳಿದ್ದು ಅಲ್ಪವಾಗಿದ್ದುದರಿಂದ. ಅದಕ್ಕೆ ಬೇಕಾಗಿದ್ದುದು ಮನೆಯ ಮುಖ ಮಾತ್ರ.

ಇಂದು ನಮ್ಮ ನಗರಗಳಲ್ಲಿ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವಾಗ ಎಷ್ಟು ಅಡಿ ಜಾಗ ಬಿಟ್ಟಿದ್ದೀರಿ, ಎಷ್ಟು ಅಂತಸ್ತು, ಎಷ್ಟು ಕಾರು ನಿಲ್ಲುತ್ತವೆ ಎಂದು ಕೇಳುತ್ತಾರೆ. ಕಾರಿಗೆ ನೆಲಮಾಳಿಗೆಯೋ ಕಂಬಗಳ ನಡುವಣ ತಂಪು ನೆರಳೋ ದೊರೆಯುತ್ತದೆ. ನಡೆಯುವವನಿಗೆ ದೊರೆಯುವುದು ಆಳೆತ್ತರದ ಪಾಗಾರ. ಅದೇ ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆಯನ್ನು ಸೇರಿಸಲು ಅರಸೊತ್ತಿಗೆಯೇನೂ ಬೇಕಾಗಿಲ್ಲ: ನಿಮ್ಮ ಮನೆಯ ಮುಂದೆ ನಡೆದುಹೋಗುವವನಿಗೆ ಏನು ಕೊಡುತ್ತೀರಿ? ಒಂದು ಮರವೋ, ಒಂದು ಜಗಲಿಯೋ, ನಾಲ್ಕಡಿ ನೆರಳೋ?