ಒಬ್ಬನಿಗಾಗಿ ಮಾಡಿದ ಕಾಯ್ದೆ

ಅಮೆರಿಕದ ಸಂಸತ್ತು 1855ರ ಫೆಬ್ರವರಿ 10ರಂದು ಒಬ್ಬ ರೈತನ ಹೆಸರಿನಲ್ಲೇ ಒಂದು ಕಾಯ್ದೆ ಮಾಡಿತು. ದೇಶದ ವಾಯವ್ಯ ಮೂಲೆಯ ವಾಷಿಂಗ್ಟನ್ ಪ್ರಾಂತದಲ್ಲಿ ಥರ್ಸ್ಟನ್ ಕೌಂಟಿ ಎಂಬ ಸೀಮೆ. ಅಲ್ಲಿನ ಜಾರ್ಜ್ ಬುಶ್ ಸುಮಾರು ಹತ್ತು ವರ್ಷದಿಂದ ಉತ್ತು ಬಿತ್ತುತ್ತಿದ್ದ 640 ಎಕರೆ ಅವನದೇ ಎಂದು ಒಪ್ಪಿಕೊಳ್ಳುವುದಷ್ಟೇ ಆ ಕಾಯ್ದೆಯ ಕೆಲಸ. ಅವನ ಜೊತೆಯಲ್ಲೇ ಬಂದು, ಪಕ್ಕದಲ್ಲೇ ನೆಲೆ ನಿಂತ ಸಿಮನ್ಸ್, ಜೋನ್ಸ್, ಕಿಂಡ್ರೆಡ್ ಮನೆತನಗಳಿಗೆ ಇಂಥ ಕಾಯ್ದೆ ಬೇಕಾಗಿರಲಿಲ್ಲ. ಅವರು ಬಿಳಿಯರು. ಬುಶ್ ಕಪ್ಪು ತಂದೆಯ ಮಗ.

ಅವನು ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ. ತಂದೆ ಮ್ಯಾಥ್ಯೂ ಆಫ್ರಿಕಾ ಮೂಲದವನು. ಆದರೆ ಹುಟ್ಟಿದ್ದು ಇಂಡಿಯಾದಲ್ಲಿ ಎಂಬ ಮಾತು ಮನೆತನದ ಕಥೆಯಲ್ಲಿ ಉಳಿದುಬಂದಿದೆ. ತಾಯಿ ಐರ್ಲೆಂಡಿನವಳು. ಹರೆಯದಲ್ಲಿ ಬುಶ್ ಬ್ರಿಟಿಷರ ಹಡ್ಸನ್ ಬೇ ಕಂಪನಿಯ ತುಪ್ಪಳದ ವ್ಯಾಪಾರಕ್ಕಾಗಿ ದೂರದ ಪಶ್ಚಿಮವನ್ನು ಸುತ್ತಿದ್ದ. ಆಮೇಲೆ ಮಿಸ್ಸೌರಿಯಲ್ಲಿ ನೆಲೆ ನಿಂತು, 1831ರಲ್ಲಿ ಜರ್ಮನ್ ಮೂಲದ ಇಸಬೆಲ್ಲಾ ಜೇಮ್ಸಳನ್ನು ಮದುವೆಯಾದ. ದನಕರು, ಬೇಸಾಯ, ಒಬ್ಬರ ಹಿಂದೆ ಒಬ್ಬರು ಐವರು ಗಂಡುಮಕ್ಕಳು. ಹಣಕ್ಕೂ ಕೊರತೆಯಿರಲಿಲ್ಲ. ಆದರೆ ಮಿಸ್ಸೌರಿ ಗುಲಾಮಗಿರಿಯ ನಾಡು. ಅಲ್ಲಿ ಕಪ್ಪು ಮನುಷ್ಯನೊಬ್ಬನ ಸಿರಿವಂತಿಕೆ ಯಾವ ಹೊತ್ತಿಗೆ ಯಾರ ಕಣ್ಣು ಕುಕ್ಕುತ್ತದೋ ಹೇಳುವಂತಿರಲಿಲ್ಲ.

1844ರ ವಸಂತದಲ್ಲಿ ಬುಶ್ ಸಂಸಾರ ಗಾಡಿ ಕಟ್ಟಿತು. ಎತ್ತುಗಳು ಎಳೆಯುವ, ಮೇಲೆ ಬಟ್ಟೆಯ ಕಮಾನು ಹೊದೆಸಿದ ಗಾಡಿಗಳಲ್ಲಿ ಆರೇಳು ತಿಂಗಳ ದಾರಿ, ಆರಿಗನ್‌ವರೆಗೆ. ಬುಶ್‌ನ ಗಾಡಿಯ ತಳಕ್ಕೆ ಇನ್ನೊಂದು ಹಲಗೆ ಬಡಿದು, ನಡುವೆ ಬೆಳ್ಳಿ ನಾಣ್ಯಗಳನ್ನು ಹಾಸಿದ್ದರಂತೆ. ಜೊತೆಗೆ ಹೊರಟ ಮನೆಗಳಿಗೆ ದಿನಸಿ, ಸಾಮಾನು ಹೊಂದಿಸಿಕೊಳ್ಳಲು ಕೈಸಾಲ ಕೊಟ್ಟವನೂ ಅವನೇ.

ದಾರಿಯಲ್ಲಿ ಅವನ ಜೊತೆ ಕುದುರೆ ಮೇಲೆ ಸಾಗಿದ ಜಾನ್ ಮಿಂಟೊ ಎಂಬ ಯುವಕ ಮುಂದೆ ಆ ಮಾತುಕತೆಯನ್ನು ಬರೆದಿಟ್ಟಿದ್ದಾನೆ. ಆರಿಗನ್ನಿನಲ್ಲಿ ಕಪ್ಪು ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೋ ನೋಡುತ್ತೇನೆ, ಸ್ವತಂತ್ರ ಮನುಷ್ಯನಿಗೆ ಸಲ್ಲುವ ಹಕ್ಕು ಸಿಗದಿದ್ದರೆ ಮೆಕ್ಸಿಕೊ ಸರ್ಕಾರದ ಆಶ್ರಯ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೋ ನ್ಯೂ ಮೆಕ್ಸಿಕೊಗೋ ಹೋಗುತ್ತೇನೆ ಎಂದು ಬುಶ್ ಹೇಳಿದ್ದನಂತೆ. ಐವತ್ತರ ಆಚೀಚಿನ ಗಂಡಸು, ಹೆಂಡತಿ ಮಕ್ಕಳು ಗಾಡಿಯಲ್ಲಿ, ಹಿಂದಿನ ಮನೆ ಮಾರಿಯಾಗಿದೆ. ಮುಂದೆ ತನ್ನನ್ನು ಮನುಷ್ಯನೆಂದು ಎಣಿಸುವ ಸರ್ಕಾರ ಯಾವುದು ಎಂದು ಅಂದಾಜು ಹಾಕುತ್ತಾ ಸಾವಿರಾರು ಮೈಲಿ ಸಾಗಿದ್ದಾನೆ. ಜೊತೆಯವರ ತಲೆಯಲ್ಲಿ ಮಳೆ, ಮಣ್ಣು, ಮೇವಿನ ಲೆಕ್ಕವಿತ್ತು. ಅವನು ಅದೆಲ್ಲದರ ಮೇಲೆ ಇದನ್ನೂ ಹೊರಬೇಕಿತ್ತು.

ಅವನ ಅನುಮಾನ ನಿಜವೇ ಆಯಿತು. ಗಾಡಿಗಳು ಇನ್ನೂ ದಾರಿಯಲ್ಲಿದ್ದಾಗಲೇ, 1844ರ ಜೂನ್‌ನಲ್ಲಿ, ಆರಿಗನ್ನಿನ ತಾತ್ಕಾಲಿಕ ಸರ್ಕಾರ ಹೊಸ ಕಾನೂನು ಮಾಡಿತ್ತು. ಕಪ್ಪು ಗಂಡಸರು ಎರಡು ವರ್ಷದೊಳಗೆ, ಹೆಂಗಸರು ಮೂರು ವರ್ಷದೊಳಗೆ ನಾಡು ಬಿಡಬೇಕು. ಬಿಡದಿದ್ದರೆ ಬೆನ್ನಿಗೆ ಇಪ್ಪತ್ತಕ್ಕೆ ಕಡಿಮೆಯಿಲ್ಲದಂತೆ, ಮೂವತ್ತೊಂಬತ್ತಕ್ಕೆ ಮೀರದಂತೆ ಛಡಿಯೇಟು. ಹೊರಡುವವರೆಗೆ ಆರಾರು ತಿಂಗಳಿಗೊಮ್ಮೆ ಅದೇ ಶಿಕ್ಷೆ. ಗುಲಾಮಗಿರಿಯನ್ನು ನಿಷೇಧಿಸಿದ ಕಾನೂನೂ ಇದೇ ಆಗಿತ್ತು ಎಂಬುದು ಮರೆಯಬಾರದ ಸಂಗತಿ. ಗುಲಾಮರು ಬೇಡ, ಕಪ್ಪು ಜನರೂ ಬೇಡ ಎಂಬುದು ಅಲ್ಲಿನವರ ನಿಲುವು. ಅದೇ ಡಿಸೆಂಬರ್‌ನಲ್ಲಿ ಛಡಿಯ ಬದಲು ಬಿಟ್ಟಿ ದುಡಿಮೆಯ ಶಿಕ್ಷೆ ಬಂತು. ಮರುವರ್ಷ, ಜಾರಿಗೆ ಬರುವ ಮೊದಲೇ, ಕಾನೂನೇ ರದ್ದಾಯಿತು. ಆದರೆ ಆ ಚಳಿಗಾಲದಲ್ಲಿ ಕೊಲಂಬಿಯಾ ನದಿಯ ದಂಡೆಯಲ್ಲಿ ಬೀಡುಬಿಟ್ಟಿದ್ದ ಬುಶ್‌ಗೆ ಅದು ತನ್ನ ಬೆನ್ನಿನ ಮಾತಾಗಿತ್ತು.

ನದಿಯ ದಕ್ಷಿಣಕ್ಕೆ ಅಮೆರಿಕನ್ನರ ಸರ್ಕಾರ. ಉತ್ತರದ ನಾಡಿನ ಮೇಲೆ ಬ್ರಿಟನ್, ಅಮೆರಿಕ ಎರಡರದೂ ಹಕ್ಕೊತ್ತಾಯ. ನಿಜದಲ್ಲಿ ಅಲ್ಲಿ ನಡೆಯುತ್ತಿದ್ದುದು ಹಡ್ಸನ್ ಬೇ ಕಂಪನಿಯ ಮಾತು. ಆರಿಗನ್ನಿನ ಕಾನೂನಿನ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. ಜೊತೆಗಿದ್ದ ಮೈಕೆಲ್ ಸಿಮನ್ಸ್ ಮತ್ತು ಉಳಿದ ಮನೆಯವರು ದಕ್ಷಿಣದ ಫಲವತ್ತಾದ ವಿಲಾಮೆಟ್ ಕಣಿವೆಗೆ ಹೋಗಬಹುದಿತ್ತು. ಹೋಗಲಿಲ್ಲ. ಬುಶ್ ಜೊತೆಗೆ ಉತ್ತರದ ಕಾಡಿಗೆ ಹೊರಟರು. 1845ರ ಚಳಿಗಾಲ ಶುರುವಾಗುವ ಹೊತ್ತಿಗೆ ಪ್ಯೂಜೆಟ್ ಸೌಂಡ್ ಎಂಬ ಕಡಲ ಕೈಯ ದಕ್ಷಿಣ ತುದಿಯನ್ನು ಮುಟ್ಟಿದರು. ಐದು ಸಂಸಾರ, ಒಂದಿಬ್ಬರು ಒಂಟಿ ಗಂಡಸರು: ಆ ಸೀಮೆಯಲ್ಲಿ ಅಮೆರಿಕನ್ನರ ಮೊದಲ ಊರು ಇಷ್ಟೇ. ಡೆಶೂಟ್ಸ್ ನದಿಯ ಜಲಪಾತದ ಬಳಿ ಎದ್ದ ಊರಿಗೆ ನ್ಯೂ ಮಾರ್ಕೆಟ್ ಎಂದು ಹೆಸರಿಟ್ಟರು. ಇಂದಿನ ಟಮ್‌ವಾಟರ್ ಅದೇ. ಬುಶ್ ಮನೆ ಮಾಡಿದ ಹುಲ್ಲುಗಾವಲಿಗೆ ಬುಶ್ ಪ್ರೇರಿ ಎಂಬ ಹೆಸರು ನಿಂತಿತು.

ಅದು ಯಾರೂ ಇಲ್ಲದ ನೆಲವಾಗಿರಲಿಲ್ಲ. ನಿಸ್ಕ್ವಾಲಿ ಜನ ತಲೆತಲಾಂತರದಿಂದ ಬದುಕಿದ್ದ ನೆಲ. ಮೊದಲ ಚಳಿಗಾಲದಲ್ಲಿ ಈ ವಲಸಿಗರ ಹೊಟ್ಟೆ ತುಂಬಿದ್ದು ನಿಸ್ಕ್ವಾಲಿಗಳಿಂದ ಕಲಿತ ಸಿಂಪಿ, ಮೀನು, ಗೆಡ್ಡೆಗಳಿಂದ, ಮತ್ತು ಕಂಪನಿಯ ನಿಸ್ಕ್ವಾಲಿ ಕೋಟೆಯ ಅಧಿಕಾರಿ ವಿಲಿಯಂ ಟಾಲ್ಮಿ ಕಡ ಕೊಟ್ಟ ಗೋಧಿ, ಬಟಾಣಿ, ಆಲೂಗಡ್ಡೆಯಿಂದ. ಬುಶ್ ಮಕ್ಕಳು ನಿಸ್ಕ್ವಾಲಿ ಮಾತು ಕಲಿತರು. ನೆರೆಯವರ ಕಾಯಿಲೆ ಕಸಾಲೆಗೆ ಇಸಬೆಲ್ಲಾ ಆರೈಕೆ ಮಾಡುತ್ತಿದ್ದಳು. 1847ರಲ್ಲಿ ಹುಟ್ಟಿದ ಆರನೆಯ ಮಗನಿಗೆ ಲೂಯಿಸ್ ನಿಸ್ಕ್ವಾಲಿ ಬುಶ್ ಎಂದೇ ಹೆಸರಿಟ್ಟರು. ಹೊಸ ನೆಲಕ್ಕೆ ಬಂದವರು ಅಲ್ಲಿನ ಜನರ ಹೆಸರನ್ನು ಮಗನಿಗೆ ಇಡುವುದು ಆ ಕಾಲದಲ್ಲಿ ದಿನನಿತ್ಯದ ಮಾತಾಗಿರಲಿಲ್ಲ.

ಹಿಟ್ಟಿನ ಗಿರಣಿ ಬಂತು, ಮರ ಕೊಯ್ಯುವ ಗಿರಣಿ ಬಂತು. ಬುಶ್‌ನ ಹೊಲ ಆ ಸೀಮೆಗೇ ಕಣಜವಾಯಿತು.

ಅಷ್ಟರಲ್ಲಿ ಬುಶ್ ತಪ್ಪಿಸಿಕೊಂಡು ಬಂದಿದ್ದ ಕಾನೂನು ಅವನನ್ನು ಹಿಂಬಾಲಿಸಿ ಬಂತು. 1846ರಲ್ಲಿ ಬ್ರಿಟನ್ ಮತ್ತು ಅಮೆರಿಕ 49ನೆಯ ಅಕ್ಷಾಂಶವನ್ನು ಗಡಿಯೆಂದು ಒಪ್ಪಿಕೊಂಡವು. ಬುಶ್ ಪ್ರೇರಿ ಅಮೆರಿಕದ ಪಾಲಾಯಿತು. 1850ರಲ್ಲಿ ಸಂಸತ್ತು ಆರಿಗನ್ ಪ್ರಾಂತದ ವಲಸಿಗರಿಗೆ ಭೂಮಿ ಹಂಚುವ ಕಾಯ್ದೆ ತಂದಿತು: ಆಗಲೇ ಬಂದು ನೆಲೆಸಿದ್ದ ಗಂಡ ಹೆಂಡತಿಗೆ 640 ಎಕರೆವರೆಗೆ ಪುಕ್ಕಟೆ. ಆದರೆ ಅದು ಬಿಳಿಯರಿಗೆ, ಮತ್ತು ಬಿಳಿಯ ತಂದೆ, ಮೂಲನಿವಾಸಿ ತಾಯಿಗೆ ಹುಟ್ಟಿದವರಿಗೆ ಮಾತ್ರ. ಬುಶ್‌ನಿಂದ ಗೋಧಿ ಕಡ ತಂದು ಬಿತ್ತಿದವರಿಗೆ ಹಕ್ಕುಪತ್ರ ಸಿಕ್ಕಿತು. ಕಡ ಕೊಟ್ಟವನು ಬಗರ್‌ಹುಕುಂ ರೈತನಂತೆ, ಯಾವತ್ತು ಬೇಕಾದರೂ ಎಬ್ಬಿಸಬಹುದಾದ ಸ್ಥಿತಿಯಲ್ಲಿ ಉಳಿದ.

ಅವನು ಏನು ಮಾಡಿದ ಎಂಬುದನ್ನು ಎಜ್ರಾ ಮೀಕರ್ ಎಂಬ ಇನ್ನೊಬ್ಬ ವಲಸಿಗ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾನೆ. 1852ರಲ್ಲಿ ಧಾನ್ಯಕ್ಕೆ ಬರ ಬಂತು. ಆ ವರ್ಷ ಬಂದಿಳಿದವರ ಸಂಖ್ಯೆ ಹೆಚ್ಚು, ಬೆಳೆ ಕಡಿಮೆ, ಬೆಲೆ ಏರುತ್ತಿತ್ತು. ವ್ಯಾಪಾರಿಗಳು ಬುಶ್‌ನ ಇಡೀ ಬೆಳೆಗೆ ಒಳ್ಳೆಯ ಬೆಲೆ ಕೊಡಲು ಮುಂದೆ ಬಂದರು. ಅವನು ಕೊಡಲಿಲ್ಲ. ನೆರೆಯವರು ಹಸಿದಿರಬಾರದು, ಬಿತ್ತನೆಗೆ ಬೀಜವಿಲ್ಲದೆ ಕೂರಬಾರದು ಎಂದು ಹೆಚ್ಚುಕಮ್ಮಿ ಇಡೀ ಬೆಳೆಯನ್ನು ಹಂಚಿಬಿಟ್ಟ. ದುಡ್ಡಿದ್ದವರಿಗೂ ಕೊಟ್ಟ, ಇಲ್ಲದವರಿಗೂ ಕೊಟ್ಟ. ಮುಂದೆ ಬೆಳೆ ಬಂದಾಗ ಅಷ್ಟೇ ಅಳತೆ ಹಿಂದಿರುಗಿಸಿದರೆ ಸಾಕು ಎಂದ. ಹಾಗೆ ಕೊಡುವಾಗ ಅವನ ಕೈಯಲ್ಲಿ ತನ್ನ ಹೊಲದ ಹಕ್ಕುಪತ್ರ ಇರಲಿಲ್ಲ. ಪಡೆದುಕೊಂಡವರಿಗೆ ತಮ್ಮ ಹೊಲಗಳ ಮೇಲೆ ಹಕ್ಕಿತ್ತು.

ಉಂಡವರು ಮರೆಯಲಿಲ್ಲ. 1853ರಲ್ಲಿ ವಾಷಿಂಗ್ಟನ್ ಬೇರೆ ಪ್ರಾಂತವಾಯಿತು. ಮರುವರ್ಷ ಸೇರಿದ ಅದರ ಮೊದಲ ಶಾಸನಸಭೆ ಬುಶ್ ಪರವಾಗಿ ಸಂಸತ್ತಿಗೆ ಮನವಿ ಕಳಿಸಿತು. ಈತ 1845ರಿಂದ ಎಡೆಬಿಡದೆ ಈ ನೆಲವನ್ನು ಸಾಗುವಳಿ ಮಾಡಿದ್ದಾನೆ, ಊರು ನಿಲ್ಲಲು ನೆರವಾಗಿದ್ದಾನೆ, ಕಷ್ಟದಲ್ಲಿ ಇವನ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋದದ್ದಿಲ್ಲ ಎಂಬುದು ಅದರ ಸಾರ. 1855ರ ಕಾಯ್ದೆ ಬಂದದ್ದು ಹೀಗೆ.

ಈ ಘಟನೆಯನ್ನು ನೆರೆಹೊರೆಯ ಒಳ್ಳೆಯತನದ ಕಥೆಯಾಗಿ ಹೇಳುವ ರೂಢಿಯಿದೆ. ಒಳ್ಳೆಯತನ ಇದ್ದದ್ದು ನಿಜ. ಆದರೆ ಮನವಿಯ ವಾದವನ್ನು ಗಮನಿಸಬೇಕು. ಬಿಳಿಯ ರೈತ ಭೂಮಿ ಪಡೆಯಲು ವಯಸ್ಸು ತುಂಬಿ, ನಾಲ್ಕು ವರ್ಷ ಸಾಗುವಳಿ ಮಾಡಿದ್ದರೆ ಸಾಕಿತ್ತು; ಅವನು ಒಳ್ಳೆಯವನೇ, ಕೊಡುಗೈಯವನೇ ಎಂದು ಯಾರೂ ಕೇಳುತ್ತಿರಲಿಲ್ಲ. ಬುಶ್ ಮಾತ್ರ ಸೀಮೆಗೆಲ್ಲ ಅನ್ನ ಹಾಕಿ ತೋರಿಸಬೇಕಾಯಿತು. ಅವನಷ್ಟು ಕೊಡಲು ಕೈಲಾಗದ ಬಡ ಕಪ್ಪು ರೈತನಿಗೆ ಆ ಕಾಯ್ದೆಯಲ್ಲಿ ಜಾಗವಿರಲಿಲ್ಲ. ಭೂಮಿ ಕೊಟ್ಟವರು ಬುಶ್‌ಗೆ ಮತದಾನದ ಹಕ್ಕನ್ನೂ ಕೊಡಲಿಲ್ಲ. ಪ್ರಾಂತದಲ್ಲಿ ಓಟು ಬಿಳಿಯ ಗಂಡಸರದು. ತಾನೇ ನಿಲ್ಲಿಸಿದ ಊರಿನಲ್ಲಿ ಅವನು ಒಮ್ಮೆಯೂ ಓಟು ಹಾಕಲಿಲ್ಲ.

ನಿಸ್ಕ್ವಾಲಿಗಳಿಗೆ ಆದದ್ದು ಇನ್ನೂ ಕ್ರೂರ. 1854ರ ಡಿಸೆಂಬರ್ 26ರಂದು ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಸರ್ಕಾರ ಅವರ ನೆಲವನ್ನು ಬರೆಸಿಕೊಂಡಿತು. ಅದಾಗಿ ಏಳು ವಾರ ತುಂಬುವ ಮೊದಲೇ ಬುಶ್ ಕಾಯ್ದೆ ಬಂತು. ಅದೇ 1855ರಲ್ಲಿ ಯುದ್ಧ ಶುರುವಾಯಿತು. ಬುಶ್ ಜೊತೆ ಬಂದಿದ್ದ ಜೇಮ್ಸ್ ಮೆಕ್‌ಅಲಿಸ್ಟರ್ ಅದರಲ್ಲಿ ಸತ್ತ. ಮೊದಲ ವರ್ಷಗಳಲ್ಲಿ ಈ ವಲಸಿಗರಿಗೆ ನೆರವಾಗಿದ್ದ ನಿಸ್ಕ್ವಾಲಿ ನಾಯಕ ಲೆಶೈಯನ್ನು 1858ರಲ್ಲಿ ಗಲ್ಲಿಗೇರಿಸಿದರು. ಅವನು ತಪ್ಪಿತಸ್ಥನಲ್ಲ ಎಂದು ನ್ಯಾಯಮೂರ್ತಿಗಳ ವಿಶೇಷ ಪೀಠವೊಂದು ಹೇಳಿದ್ದು 2004ರಲ್ಲಿ. ಬುಶ್‌ಗೆ ಸಿಕ್ಕ ನ್ಯಾಯದ ಕೆಳಗೆ ಈ ಅನ್ಯಾಯದ ನೆಲವಿದೆ. ಅವನನ್ನು ಮೆಚ್ಚುವವರು ಇದನ್ನೂ ಒಟ್ಟಿಗೇ ಹೇಳಬೇಕು.

ಬುಶ್ ಸತ್ತದ್ದು 1863ರ ಏಪ್ರಿಲ್ 5ರಂದು. ಬಂಡಾಯದ ರಾಜ್ಯಗಳ ಗುಲಾಮರನ್ನು ಸ್ವತಂತ್ರರೆಂದು ಅಧ್ಯಕ್ಷ ಲಿಂಕನ್ ಸಾರಿ ಆಗ ಮೂರು ತಿಂಗಳು. ಇಸಬೆಲ್ಲಾ ಅವನ ಹಿಂದೆಯೇ, 1866ರಲ್ಲಿ ತೀರಿಕೊಂಡಳು. ಟಮ್‌ವಾಟರಿನ ಹಳೆಯ ಸ್ಮಶಾನದಲ್ಲಿ ಮನೆತನದ ಸಮಾಧಿಗಳಿವೆ. ಜೇಕಬ್ ಲಾರೆನ್ಸ್ ಎಂಬ ಹೆಸರಾಂತ ಕಪ್ಪು ಕಲಾವಿದ 1973ರಲ್ಲಿ ಬುಶ್‌ನ ಪ್ರಯಾಣವನ್ನು ಐದು ಚಿತ್ರಗಳಲ್ಲಿ ಬರೆದ. ವಾಷಿಂಗ್ಟನ್ನಿನ ರಾಜಧಾನಿ ಒಲಿಂಪಿಯಾದ ಶಾಸನಸಭೆಯ ಆವರಣದಲ್ಲಿ ಸ್ಮಾರಕ ಎದ್ದದ್ದು 2021ರಲ್ಲಿ.

ಹಿರಿಯ ಮಗ ವಿಲಿಯಂ ಓವನ್ ಬುಶ್ ಗಾಡಿಯಲ್ಲಿ ಬಂದಾಗ ಹನ್ನೆರಡರ ಹುಡುಗ. ಅಪ್ಪನ ಹೊಲದಲ್ಲಿ ಅವನು ಬೆಳೆದ ಗೋಧಿಗೆ 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಬಹುಮಾನ ಬಂತು. 1889ರಲ್ಲಿ ವಾಷಿಂಗ್ಟನ್ ರಾಜ್ಯವಾದಾಗ ಅದರ ಮೊದಲ ಶಾಸನಸಭೆಗೆ ಆರಿಸಿ ಬಂದವರಲ್ಲಿ ಅವನೊಬ್ಬ. ಅಪ್ಪನಿಗೆ ಓಟಿಲ್ಲದ ನಾಡಿನಲ್ಲಿ ಮಗ ಶಾಸಕನಾದ. ರಾಜ್ಯಕ್ಕೊಂದು ಕೃಷಿ ಕಾಲೇಜು ಬೇಕೆಂಬ ಮಸೂದೆಯನ್ನು ಅವನು ಮಂಡಿಸಿದ. ಪುಲ್‌ಮನ್ ಎಂಬ ಊರಿನಲ್ಲಿ ಬೆಳೆದ ಆ ಕಾಲೇಜು ಇಂದಿನ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯ. ಅಲ್ಲಿ ಗೋಧಿ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದ ಓರ್ವಿಲ್ ವೋಗೆಲ್ ಜಪಾನಿನ ನೋರಿನ್ 10 ಎಂಬ ಗಿಡ್ಡ ತಳಿಯನ್ನು ಅಮೆರಿಕದ ತಳಿಯೊಂದಿಗೆ ಸಂಕರ ಮಾಡಿ, 1950ರ ದಶಕದ ಆರಂಭದಲ್ಲಿ ಆ ಬೀಜವನ್ನು ಮೆಕ್ಸಿಕೊದಲ್ಲಿದ್ದ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್‌ಗೆ ಕಳಿಸಿದ. ಅದರಿಂದ ಬೋರ್ಲಾಗ್ ರೂಪಿಸಿದ ಲೆರ್ಮಾ ರೋಹೊ 64, ಸೊನೋರಾ 64 ತಳಿಗಳ ಬೀಜವನ್ನು ಭಾರತ 1966ರಲ್ಲಿ 18,000 ಟನ್‌ನಷ್ಟು ತರಿಸಿಕೊಂಡು ರೈತರಿಗೆ ಹಂಚಿತು.