ನಾಯಿಯ ಮೂಗು, ತರಬೇತುದಾರನ ಮಾತು

ಹೊಳಲ್ಕೆರೆಯಲ್ಲಿ ಮನೆ ಕಳವಾಗಲಿ, ಹೊಸದುರ್ಗದ ತೆಂಗಿನ ತೋಟದಲ್ಲಿ ಕೊಲೆಯಾಗಲಿ, ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ಹೆಣ ಸಿಗಲಿ, ನೆರೆದ ಜನ ಕೇಳುವ ಪ್ರಶ್ನೆ ಒಂದೇ: ‘ದುರ್ಗದಿಂದ ನಾಯಿ ಬಂತಾ?’ ಶ್ವಾನದಳ ಇರುವುದು ಜಿಲ್ಲಾ ಕೇಂದ್ರದಲ್ಲಿ, ಸಶಸ್ತ್ರ ಮೀಸಲು ಪಡೆಯ ಜೊತೆಗೆ. ವಾಹನ ಬರುತ್ತದೆ, ನಾಯಿ ಇಳಿದು ಮೂಸಿ ಓಡುತ್ತದೆ. ಆರೋಪಿ ಸಿಕ್ಕರೆ ಪತ್ರಿಕೆಯಲ್ಲಿ ನಾಯಿಯ ಹೆಸರೂ ಚಿತ್ರವೂ ಬರುತ್ತವೆ. ಹಗ್ಗ ಹಿಡಿದು ಅದರ ಹಿಂದೆ ಓಡಿದ ಪೇದೆ ಯಾರೆಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಕನ್ನಡ ನಾಡು ಹಿಂದೆ ಹೀಗಿರಲಿಲ್ಲ. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನು ಮೆಚ್ಚಿದ ದೊರೆಯಿಂದ ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಕಾಡುಹಂದಿಯೊಂದಿಗೆ ಹೋರಾಡಿ ಕಾಳಿ ಸತ್ತಾಗ ಅದಕ್ಕಾಗಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಡಲಾಯಿತು. ಈಗ ಬೆಂಗಳೂರಿನ ಸರಕಾರಿ ವಸ್ತು ಸಂಗ್ರಹಾಲಯದಲ್ಲಿರುವ ಆ ಶಾಸನದಲ್ಲಿ ನಾಯಿಯ ಹೆಸರೂ ಇದೆ, ಒಡೆಯನ ಹೆಸರೂ ಇದೆ.

ಪೊಲೀಸ್ ನಾಯಿಯ ಚರಿತ್ರೆ ಅಷ್ಟು ಹಳೆಯದಲ್ಲ. 1888ರಲ್ಲಿ ಲಂಡನ್ನಿನ ಸರಣಿ ಕೊಲೆಗಳ ಕಾಲದಲ್ಲಿ ಬ್ಲಡ್‌ಹೌಂಡ್ ನಾಯಿಗಳನ್ನು ಪರೀಕ್ಷಿಸಿ ನೋಡಿದರು, ಫಲ ಸಿಗಲಿಲ್ಲ. 1899ರಲ್ಲಿ ಬೆಲ್ಜಿಯಮ್ಮಿನ ಘೆಂಟ್ ನಗರದ ಪೊಲೀಸರು ಕ್ರಮಬದ್ಧ ತರಬೇತಿ ಆರಂಭಿಸಿದರು. ನಮ್ಮ ದೇಶದಲ್ಲಿ ಗಡಿ ಭದ್ರತಾ ಪಡೆಯ ರಾಷ್ಟ್ರೀಯ ತರಬೇತಿ ಕೇಂದ್ರ 1970ರಲ್ಲಿ ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಸ್ಥಾಪನೆಯಾಯಿತು. ಕರ್ನಾಟಕದ ಜಿಲ್ಲಾ ದಳಗಳ ಪಾಲಿಗೆ ಗುರುಕುಲವೆಂದರೆ ಬೆಂಗಳೂರಿನ ಆಡುಗೋಡಿ.

ಅಲ್ಲಿ ಕಲಿಯುವುದು ನಾಯಿಯೊಂದೇ ಅಲ್ಲ. ಮರಿಯ ಜೊತೆ ಪೇದೆಯೂ ತಿಂಗಳುಗಟ್ಟಲೆ ಕಲಿಯುತ್ತಾನೆ. ಕೂರು, ನಿಲ್ಲು, ಜೊತೆಗೆ ನಡೆ ಎಂಬ ಆಜ್ಞೆಗಳಿಂದ ಪಾಠ ಶುರು. ಆಮೇಲೆ ಅಪರಾಧ ಪತ್ತೆ, ಸ್ಫೋಟಕ, ಮಾದಕ ವಸ್ತು ಎಂದು ವಿಭಾಗವಾಗುತ್ತದೆ. ಸ್ಫೋಟಕದ ನಾಯಿ ವಾಸನೆ ಸಿಕ್ಕ ಕೂಡಲೇ ಬೊಗಳದೆ, ಮುಟ್ಟದೆ ಸುಮ್ಮನೆ ಕೂರಬೇಕು. ಅದರ ಕಿವಿ, ಬಾಲ, ಉಸಿರಾಟದ ಅರ್ಥ ತಿಳಿಯುವುದು ಹ್ಯಾಂಡ್ಲರನ ವಿದ್ಯೆ. ಊಟ, ಸ್ನಾನ, ಔಷಧಿ ಎಲ್ಲವೂ ಆತನದೇ. ನಾಯಿಯ ಸೇವಾವಧಿ ಎಂಟು ಹತ್ತು ವರ್ಷ, ಪೇದೆಯದು ಮೂವತ್ತು. ಹಾಗಾಗಿ ಒಬ್ಬ ತರಬೇತುದಾರ ಮೂರು ನಾಯಿಗಳನ್ನಾದರೂ ಬೆಳೆಸಿ, ಮೂರನ್ನೂ ಕಳುಹಿಸಿಕೊಡಬೇಕಾಗುತ್ತದೆ.

ದುರ್ಗದ ನೆಲವೂ ಈ ಕೆಲಸಕ್ಕೆ ಸುಲಭದ್ದಲ್ಲ. ವಾಸನೆ ತಂಪಿನಲ್ಲಿ, ಹಸಿ ಮಣ್ಣಿನಲ್ಲಿ ಉಳಿಯುತ್ತದೆ. ಕಾದ ಬಂಡೆ ಮತ್ತು ಡಾಂಬರಿನ ಮೇಲೆ ಬೇಗ ಆರಿಹೋಗುತ್ತದೆ. ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರ ತಿರುಗಿಸುವ ಅದೇ ಗಾಳಿ ಕಳ್ಳನ ಜಾಡನ್ನೂ ಚದುರಿಸುತ್ತದೆ. ಹಿರಿಯೂರಿನಂಥ ಕೂಡುರಸ್ತೆಯಲ್ಲಿ ಆರೋಪಿ ವಾಹನ ಹತ್ತಿದನೆಂದರೆ ಜಾಡು ಅಲ್ಲಿಗೇ ಮುಗಿಯಿತು. ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮಂಥ ಜನರೇ. ದುರ್ಗದಿಂದ ಹೊಸದುರ್ಗಕ್ಕೆ ನಾಯಿ ತಲುಪುವಷ್ಟರಲ್ಲಿ ನೂರಾರು ಕಾಲುಗಳು ಆ ಜಾಗವನ್ನು ತುಳಿದಿರುತ್ತವೆ.

ಇಷ್ಟಾದರೂ ಗೆಲುವುಗಳಿವೆ. ಹೊಳಲ್ಕೆರೆ, ಹೊಸದುರ್ಗಗಳ ನೆರೆಯ ತಾಲೂಕು ಚನ್ನಗಿರಿ. ಆ ಭಾಗದ ಕೊಲೆ ಪ್ರಕರಣವೊಂದರಲ್ಲಿ ದಾವಣಗೆರೆ ದಳದ ಡಾಬರ್‌ಮನ್ ‘ತುಂಗಾ’ 2020ರ ಜುಲೈನಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟಿತು. 2024ರ ಜುಲೈನಲ್ಲಿ ಸಂತೇಬೆನ್ನೂರು ಕಡೆ ನಡೆದ ಕೊಲೆಯ ಜಾಡು ಹಿಡಿದ ಅದೇ ದಳದ ‘ತಾರಾ’ ರಾತ್ರಿ ಮಳೆಯಲ್ಲಿ ಸುಮಾರು 8 ಕಿಲೋಮೀಟರ್ ಓಡಿ ಮನೆಯೊಂದರ ಮುಂದೆ ನಿಂತಿತು. ಒಳಗೆ ಹೆಣ್ಣುಮಗಳೊಬ್ಬಳು ಗಂಡನ ಹೊಡೆತಕ್ಕೆ ಸಿಕ್ಕಿ ಚೀರುತ್ತಿದ್ದಳು. ಆಕೆಯ ಜೀವ ಉಳಿಯಿತು. ಕತ್ತಲೆಯಲ್ಲಿ ನಾಯಿಯನ್ನು ನಂಬಿ ಹಗ್ಗ ಸಡಿಲಬಿಟ್ಟು ಓಡಿದ ಮನುಷ್ಯನಿಗೂ ಆ ಪುಣ್ಯದಲ್ಲಿ ಪಾಲಿದೆ.

ಆದರೆ ನಾಯಿ ನಿಂತ ಮನೆಯವನೇ ಅಪರಾಧಿಯೇ? ಸುಪ್ರೀಂ ಕೋರ್ಟು 1969ರ ಅಬ್ದುಲ್ ರಜಾಕ್ ಪ್ರಕರಣದಲ್ಲಿಯೇ ಇಂಥ ಸಾಕ್ಷ್ಯಕ್ಕೆ ಹೆಚ್ಚಿನ ತೂಕ ಕೊಡಲಾಗದೆಂದು ಹೇಳಿತು. 2001ರ ಗಾದೆ ಲಕ್ಷ್ಮೀ ಮಂಗರಾಜು ಪ್ರಕರಣದಲ್ಲಿ ಕಾರಣಗಳನ್ನು ಬಿಡಿಸಿಟ್ಟಿತು: ನಾಯಿ ಮಾತಾಡದು, ಅದರ ಪರವಾಗಿ ಹೇಳುವವನು ತರಬೇತುದಾರ, ನಾಯಿಯ ಮೂಗೂ ತಪ್ಪಬಹುದು, ಮನುಷ್ಯನ ಪ್ರಾಣ, ಸ್ವಾತಂತ್ರ್ಯ ನಾಯಿಯ ತೀರ್ಮಾನಕ್ಕೆ ಜೋತುಬೀಳಬಾರದು. ತನಿಖೆಗೆ ನಾಯಿ ದಾರಿ ತೋರಿಸಬಹುದು, ಶಿಕ್ಷೆಗೆ ಬೇರೆ ಪುರಾವೆ ಬೇಕು.

ಈ ಎಚ್ಚರ ಮುಸ್ಲಿಮರಿಗೆ ಹೊಸದಲ್ಲ. ನಾಯಿಯೆಂದರೆ ಬರೀ ಅಶುದ್ಧಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಬೇಟೆ, ಮಂದೆ, ಕಾವಲಿಗೆ ನಾಯಿ ಸಾಕಲು ಶರೀಅತ್ತಿನಲ್ಲಿ ಅನುಮತಿಯಿದೆ. ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ ನಾಲ್ಕನೇ ಸೂಕ್ತ ನಾಯಿಗೆ ಕಲಿಸುವವರನ್ನು ‘ಮುಕಲ್ಲಿಬೀನ್’ ಎಂಬ ಪ್ರತ್ಯೇಕ ಪದದಿಂದ ಕರೆದು, ಆ ವಿದ್ಯೆ ಅಲ್ಲಾಹನೇ ಕಲಿಸಿದ್ದೆಂದು ಸಾರುತ್ತದೆ. ಕಲಿತ ನಾಯಿ ಹಿಡಿದದ್ದು ಹಲಾಲ್. ಇದರ ಬಗ್ಗೆ ಅದಿಯ್ಯ್ ಬಿನ್ ಹಾತಿಮ್ ವಿಚಾರಿಸಿದಾಗ ಪ್ರವಾದಿವರ್ಯರು(ಸ) ಕೊಟ್ಟ ಉತ್ತರದ ಸಾರ ಇದು: ನಿನ್ನ ನಾಯಿಯ ಜೊತೆ ಬೇರೆ ನಾಯಿಯೂ ಕೂಡಿಕೊಂಡಿದ್ದರೆ ಆ ಬೇಟೆಯನ್ನು ತಿನ್ನಬೇಡ, ಅದನ್ನು ಹಿಡಿದದ್ದು ಯಾವುದೆಂದು ನಿನಗೆ ತಿಳಿಯದು. ಒಂದು ಮೊಲದ ವಿಷಯದಲ್ಲಿಯೇ ಸಂಶಯ ಬಂದರೆ ಬಿಡಬೇಕು ಎನ್ನುವುದಾದರೆ, ಒಬ್ಬ ಮನುಷ್ಯನ ವಿಷಯದಲ್ಲಿ ಎಷ್ಟು ಎಚ್ಚರ ಬೇಕು! ನಾಯಿ ಯಾರದೋ ಹೊಸ್ತಿಲ ಬಳಿ ನಿಂತಿತೆಂದು ಊರು ಅವನಿಗೆ ಕಳ್ಳನ ಪಟ್ಟ ಕಟ್ಟಿದರೆ, ಆಮೇಲೆ ಬಿಡುಗಡೆಯಾದರೂ ಆ ಪಟ್ಟ ಅಳಿಯುವುದಿಲ್ಲ.

ಆದ್ದರಿಂದ ಒಳ್ಳೆಯ ತರಬೇತುದಾರನ ಹಿರಿಮೆ ನಾಯಿ ಹಿಡಿದುಕೊಟ್ಟ ಕಳ್ಳರ ಲೆಕ್ಕದಲ್ಲಷ್ಟೇ ಇಲ್ಲ. ‘ಜಾಡು ಇಲ್ಲಿ ತಪ್ಪಿತು, ಮುಂದೆ ಹೇಳಲಾರೆ’ ಎಂದು ಮೇಲಧಿಕಾರಿಯ ಎದುರು, ನೆರೆದ ಜನರ ಎದುರು ಹೇಳುವ ಧೈರ್ಯದಲ್ಲಿಯೂ ಇದೆ. ಈ ವಿದ್ಯೆ ಹಿರಿಯ ಪೇದೆಯಿಂದ ಕಿರಿಯನಿಗೆ ಬಾಯಿಮಾತಿನಲ್ಲೇ ದಾಟುತ್ತದೆ. ಆತ ನಿವೃತ್ತನಾದರೆ ಅದರ ಬಹುಪಾಲು ಅವನೊಂದಿಗೇ ಹೊರಟುಹೋಗುತ್ತದೆ. ದುರ್ಗ ಸೀಮೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಇಂಥ ನಿವೃತ್ತರನ್ನು ಕೂರಿಸಿಕೊಂಡು ಅವರ ಅನುಭವವನ್ನು ಬರೆದಿಡಲಿ. ನಾವು ಮಾಡಬಹುದಾದದ್ದು ಇನ್ನೂ ಚಿಕ್ಕದು: ಮುಂದಿನ ಬಾರಿ ಊರಿಗೆ ನಾಯಿ ಬಂದಾಗ ಜಾಗ ತುಳಿಯದೆ ದೂರ ನಿಲ್ಲೋಣ, ಅದು ಯಾರ ಮನೆ ಮುಂದೆ ನಿಂತರೂ ತೀರ್ಪು ಕೊಡದೆ ಕಾಯೋಣ.