ಕಾರವಾರದಿಂದ ಬಂದ ಮಂಗಟ್ಟೆ

1894ರಲ್ಲಿ ಮುಂಬಯಿ ಕೋಟೆ ಪ್ರದೇಶದ ಅಪೊಲೊ ಸ್ಟ್ರೀಟಿನ ಒಂದು ಕಚೇರಿಗೆ ಕಾರವಾರದಿಂದ ಒಂದು ಹಕ್ಕಿಮರಿ ಬಂತು. ಅದಕ್ಕೆ ಆಗ ಮೂರು ತಿಂಗಳು. ಹಳದಿ ಕೊಕ್ಕು, ಕೊಕ್ಕಿನ ಮೇಲೆ ಮುಂದೆ ದೊಡ್ಡದಾಗಿ ಬೆಳೆಯಲಿರುವ ಶಿರಸ್ತ್ರಾಣದಂಥ ಉಬ್ಬು. ಕೊಟ್ಟವರು ಕಾರವಾರದ ಎಚ್. ಇಂಗಲ್ ಎಂಬವರು. ಅದು ದಾಸ ಮಂಗಟ್ಟೆ, ನಮ್ಮ ಮಂಗಟ್ಟೆಗಳಲ್ಲೆಲ್ಲ ದೊಡ್ಡದು. ಕಚೇರಿಯವರು ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. ಮೂರು ವರ್ಷ ತುಂಬುವಷ್ಟರಲ್ಲಿ ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು ನಾಲ್ಕೂಕಾಲು ಅಡಿ ಬೆಳೆದ ಅದು ಬಾಳೆಹಣ್ಣು, ಕಾಡು ಅತ್ತಿಹಣ್ಣುಗಳ ಜೊತೆಗೆ ಇಲಿ, ಚೇಳು, ಹಸಿ ಮಾಂಸವನ್ನೂ ತಿನ್ನುತ್ತಿತ್ತು. ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲೇ ಹಿಡಿಯುತ್ತಿತ್ತು. 'ಆಫೀಸ್ ಕ್ಯಾನರಿ' ಎಂದು ತಮಾಷೆಯ ಅಡ್ಡಹೆಸರೂ ಬಿತ್ತು. ಇಪ್ಪತ್ತಾರು ವರ್ಷ ಅಲ್ಲೇ ಬದುಕಿ 1920ರಲ್ಲಿ ಒಂದು ತುಂಡು ತಂತಿ ನುಂಗಿ ಸತ್ತುಹೋಯಿತು.

ಆ ಕಚೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯದು. ಇವತ್ತಿಗೂ ಸಂಸ್ಥೆಯ ಲಾಂಛನದಲ್ಲಿರುವುದು ಮಂಗಟ್ಟೆಯೇ, ಅದರ ಕಟ್ಟಡದ ಹೆಸರೂ ಹಾರ್ನ್‌ಬಿಲ್ ಹೌಸ್. ಕೊಲಾಬಾ ಕಡೆ ಹೋಗುವಾಗ ಲಯನ್ ಗೇಟಿನ ಎದುರು ಆ ಫಲಕವನ್ನು ಓದಿಕೊಂಡು ದಾಟುವ ಸಾವಿರಾರು ಜನರಲ್ಲಿ ಕನ್ನಡಿಗರೂ ಇರುತ್ತಾರೆ. ಆ ಹಕ್ಕಿಯ ಊರು ಕಾರವಾರ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಮನೆಯ ಸುತ್ತಮುತ್ತ ಕಾಣುವ ಜೀವಿಗಳನ್ನು ನೋಡಿ ಗುರುತಿಸುವ ಹವ್ಯಾಸ ಭಾರತದಲ್ಲಿ ಒಂದು ಶಿಸ್ತಾಗಿ ಬೆಳೆದ ಕಥೆಯಲ್ಲಿ ಮುಂಬಯಿಯಷ್ಟೇ ಕಾರವಾರದ ಪಾಲೂ ಇದೆ.

1883ರ ಸೆಪ್ಟೆಂಬರ್ 15ರಂದು ಬೈಕಲಾದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಅಂದರೆ ಇಂದಿನ ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನಲ್ಲಿ, ಎಂಟು ಜನ ಸೇರಿದರು. ತಮಗೆ ಕಂಡ ಪ್ರಾಣಿ, ಹಕ್ಕಿ, ಹುಳುಗಳ ಬಗ್ಗೆ ಮಾತಾಡಿಕೊಳ್ಳುವುದು, ಮಾದರಿಗಳನ್ನು ತಂದು ತೋರಿಸುವುದು, ಇಷ್ಟೇ ಅವರ ಉದ್ದೇಶ. ಎಂಟರಲ್ಲಿ ಇಬ್ಬರು ಭಾರತೀಯರು, ಇಬ್ಬರೂ ವೈದ್ಯರು. ಡಾ. ಆತ್ಮಾರಾಮ್ ಪಾಂಡುರಂಗ್ ಪ್ರಾರ್ಥನಾ ಸಮಾಜವನ್ನು ಸ್ಥಾಪಿಸಿದವರು. ಡಾ. ಸಖಾರಾಮ್ ಅರ್ಜುನ್ ಸಸ್ಯಶಾಸ್ತ್ರ ಬಲ್ಲವರು. ಬಾಲ್ಯವಿವಾಹದ ವಿರುದ್ಧ ನ್ಯಾಯಾಲಯದಲ್ಲಿ ನಿಂತು, ಮುಂದೆ ತಾವೇ ವೈದ್ಯೆಯಾದ ರುಖ್ಮಾಬಾಯಿಯ ಮಲತಂದೆ ಇವರೇ. ಕೆಲವೇ ತಿಂಗಳಲ್ಲಿ ಎಚ್.ಎಂ. ಫಿಪ್ಸನ್ ಎಂಬ ವೈನ್ ವ್ಯಾಪಾರಿ ಫೋರ್ಬ್ಸ್ ಸ್ಟ್ರೀಟಿನ ತಮ್ಮ ಮಳಿಗೆಯಲ್ಲೇ ಸಂಗ್ರಹಕ್ಕೆ ಜಾಗ ಕೊಟ್ಟರು. 1886ರಲ್ಲಿ ಸಂಸ್ಥೆಯ ನಿಯತಕಾಲಿಕ ಶುರುವಾಯಿತು.

ಸಂಸ್ಥೆಯ ಮೊದಲ ಕಾರ್ಯದರ್ಶಿ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಹುಟ್ಟಿದ್ದು 1851ರಲ್ಲಿ, ಸಾತಾರಾದಲ್ಲಿ. ಕೆಲಸ ಮುಂಬಯಿ ಸರಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿ. 'ಈಹಾ' ಎಂಬ ಮೂರಕ್ಷರದ ಸಹಿಯಲ್ಲಿ ಅವರು ಬರೆದ ಪುಸ್ತಕಗಳಿಗೆ ಆಗ ದೊಡ್ಡ ಓದುಗ ಬಳಗವಿತ್ತು. ಬ್ರಿಟಿಷ್ ಅಧಿಕಾರಿಗಳು ಹುಲಿ, ಆನೆಗಳ ಬೇಟೆಯ ಕಥೆ ಬರೆಯುತ್ತಿದ್ದ ಕಾಲದಲ್ಲಿ ಏಟ್ಕನ್ ಬಂಗಲೆಯ ಇಲಿ, ಹಲ್ಲಿ, ಇರುವೆ, ಕಾಗೆ, ಬಾವಲಿ, ಕಪ್ಪೆಗಳನ್ನು ಹಿಡಿದು ಕೂತರು. 1883ರಲ್ಲಿ ಬಂದ ಅವರ ಮೊದಲ ಪುಸ್ತಕದ ಹೆಸರಿನಲ್ಲೇ ಈ ತಮಾಷೆಯಿದೆ. ತನ್ನ ಗಡಿಯಂಚಿನ 'ಬುಡಕಟ್ಟು'ಗಳು ಎಂದು ಅವರು ಕರೆದದ್ದು ಮನೆಗೆ ನುಗ್ಗುವ ಈ ಪ್ರಾಣಿಗಳನ್ನೇ. 1900ರಲ್ಲಿ ಮುಂಬಯಿಯ ಸಾಮಾನ್ಯ ಹಕ್ಕಿಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಕಿಟಕಿಯಲ್ಲಿ ನಿಂತವನಿಗೆ ಕಾಣುವ ಹಕ್ಕಿಗಳಿಗೂ ಒಂದು ಪುಸ್ತಕ ಸಲ್ಲುತ್ತದೆ ಎಂಬ ಮಾತು ಆಗ ಹೊಸದು.

ಇದೇ ಇಲಾಖೆಯ ಕೆಲಸ ಅವರನ್ನು ಉತ್ತರ ಕನ್ನಡಕ್ಕೆ ತಂದಿತು. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದ್ದರು. ಅಲ್ಲಿಂದ 1956ರವರೆಗೆ ಕಾರವಾರದ ರಾಜಧಾನಿ ಮುಂಬಯಿಯೇ. ಕಡತ, ವರ್ಗಾವಣೆ, ಹಡಗು ಎಲ್ಲವೂ ಆ ದಾರಿಯಲ್ಲೇ ಓಡಾಡುತ್ತಿದ್ದವು. ಹಾಗಾಗಿ ಹುಳುಗಳ ಪೆಟ್ಟಿಗೆಯೂ, ಮಂಗಟ್ಟೆಯ ಮರಿಯೂ ಬೆಂಗಳೂರಿನ ಬದಲು ಮುಂಬಯಿಗೆ ಹೋದದ್ದು ಸಹಜ.

ಕಾರವಾರದಲ್ಲಿ ಏಟ್ಕನ್‌ಗೆ ಇಬ್ಬರು ಜೊತೆಗಾರರು ಸಿಕ್ಕರು. ಒಬ್ಬರು ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್. ಇನ್ನೊಬ್ಬರು ಅರಣ್ಯಾಧಿಕಾರಿ ಟಿ.ಆರ್. ಬೆಲ್. ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು, ಸೂಜಿ ಚುಚ್ಚಿ, ರೆಕ್ಕೆಯ ಚುಕ್ಕೆ ನೋಡಿ ಹೆಸರಿಡುವುದು ಆಗಿನ ರೂಢಿ. ಈ ಮೂವರು ಚಿಟ್ಟೆಯ ಹಿಂದೆ ಓಡುವುದಕ್ಕಿಂತ ಎಲೆ ಮಗುಚುವುದಕ್ಕೆ ಹೆಚ್ಚು ಸಮಯ ಕೊಟ್ಟರು. ಯಾವ ಗಿಡದ ಮೇಲೆ ಯಾವ ಮೊಟ್ಟೆ, ಅದರಿಂದ ಎಂಥ ಕಂಬಳಿಹುಳು, ಅದು ಏನು ತಿನ್ನುತ್ತದೆ, ಎಲ್ಲಿ ಕೋಶ ಕಟ್ಟುತ್ತದೆ, ಕೊನೆಗೆ ಯಾವ ಚಿಟ್ಟೆ ಹೊರಬರುತ್ತದೆ ಎಂದು ಮನೆಯಲ್ಲೇ ಹುಳು ಸಾಕಿ ಬರೆದಿಟ್ಟರು. 1890ರಲ್ಲಿ ಮುಂಬಯಿ ಪ್ರಾಂತ್ಯದ ಚಿಟ್ಟೆಗಳ ಮರಿಹುಳು ಮತ್ತು ಕೋಶಗಳ ಬಗ್ಗೆ ಸೊಸೈಟಿಯ ನಿಯತಕಾಲಿಕದಲ್ಲಿ ಲೇಖನ ಬಂತು. 1896ರಿಂದ ಮೂವರ ಹೆಸರಿನಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ದೀರ್ಘ ಪಟ್ಟಿ ಕಂತುಗಳಲ್ಲಿ ಪ್ರಕಟವಾಯಿತು. ಪಶ್ಚಿಮ ಘಟ್ಟದ ಚಿಟ್ಟೆಗಳ ಅಧ್ಯಯನಕ್ಕೆ ಇಂದಿಗೂ ಅದು ಅಡಿಪಾಯ.

ಆ ವಿಧಾನ ಈಗಲೂ ಹಳತಾಗಿಲ್ಲ. ಲಿಂಬೆ ಅಥವಾ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಅಂಟಿಕೊಂಡ ಹುಳು ಲೈಮ್ ಅಥವಾ ಕಾಮನ್ ಮಾರ್ಮನ್ ಚಿಟ್ಟೆಯದು. ಎಕ್ಕದ ಗಿಡದ ಪಟ್ಟೆಪಟ್ಟೆಯ ಹುಳು ಪ್ಲೇನ್ ಟೈಗರ್ ಆಗುತ್ತದೆ. ಕಣಗಿಲೆಯ ಎಲೆಯಡಿ ಕನ್ನಡಿಯಂತೆ ಹೊಳೆಯುವ ಕೋಶ ತೂಗುತ್ತಿದ್ದರೆ ಅದು ಕಾಮನ್ ಕ್ರೋ. ಈಶ್ವರಿ ಬಳ್ಳಿಯಿದ್ದಲ್ಲಿ ಕಾಮನ್ ರೋಸ್ ಬರುತ್ತದೆ, ಘಟ್ಟದ ಸೀಮೆಯಾದರೆ ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಬರಬಹುದು. ಮುಲುಂಡಿನ ಬಾಲ್ಕನಿಯಲ್ಲಿ ಎರಡು ಕುಂಡದಲ್ಲಿ ಕರಿಬೇವು ಬೆಳೆಸಿದವರೂ ಇದನ್ನು ನೋಡಬಹುದು, ಹುಳುವನ್ನು ಕಿತ್ತು ಎಸೆಯದಿದ್ದರೆ.

ಮೇಲಿನ ಸಾಲುಗಳಲ್ಲಿ ಗಿಡಗಳ ಹೆಸರೆಲ್ಲ ಕನ್ನಡದವು, ಚಿಟ್ಟೆಗಳ ಹೆಸರೆಲ್ಲ ಇಂಗ್ಲಿಷಿನವು. ಜನರಿಗೆ ಗಿಡಗಳ ಜೊತೆ ವ್ಯವಹಾರವಿತ್ತು. ಮದ್ದು, ಮೇವು, ಪೂಜೆ, ಸೌದೆ ಎಲ್ಲಕ್ಕೂ ಗಿಡವನ್ನು ಬೇರೆ ಬೇರೆಯಾಗಿ ಗುರುತಿಸಲೇ ಬೇಕಿತ್ತು. ಚಿಟ್ಟೆಯಿಂದ ಅಂಥ ಲಾಭವೂ ಇಲ್ಲ, ಭಯವೂ ಇಲ್ಲ. ಹಾಗಾಗಿ ದಕ್ಷಿಣದಲ್ಲಿ ಚಿಟ್ಟೆ, ಧಾರವಾಡದ ಕಡೆ ಪಾತರಗಿತ್ತಿ ಎಂಬ ಒಂದೊಂದು ಪದದಲ್ಲೇ ನೂರಾರು ಜಾತಿಗಳು ಸಾಲಾಗಿ ಹಾರಿಹೋದವು. ಭಯವಿದ್ದ ಕಡೆಯೂ ಹೆಸರುಗಳು ಊರಿಂದೂರಿಗೆ ಜಾರುತ್ತವೆ. ಕನ್ನಡದಲ್ಲಿ 'ಕಿರುಬ' ಎಂದರೆ ಕೆಲವು ಕಡೆ ಚಿರತೆ, ಕೆಲವು ಕಡೆ ಹೈನಾ. ಮರಾಠಿಯ ಹಳ್ಳಿಮಾತಿನಲ್ಲಿ 'ವಾಘ್' ಹುಲಿಯೂ ಹೌದು, ಚಿರತೆಯೂ ಹೌದು. ಲ್ಯಾಟಿನ್ ಹೆಸರು ಈ ಗೊಂದಲವನ್ನು ಬಗೆಹರಿಸುತ್ತದೆ. ಆದರೆ ಅದು ಬಂದಾಗ ಕೊಟ್ಟವರ ಹೆಸರು ಉಳಿದು ತೋರಿಸಿದವರ ಹೆಸರು ಅಳಿಯುತ್ತದೆ. ಗೋವಾ ಗಡಿಯ ಸುಂಕದ ಚೌಕಿಗಳಲ್ಲಿ ಮಲೇರಿಯಾ ಹೆಚ್ಚಾದಾಗ ಅದರ ಕಾರಣ ಹುಡುಕಲು ಸರಕಾರ ಏಟ್ಕನ್‌ರನ್ನು ಕಳಿಸಿತು. ಅಲ್ಲಿ ಸಿಕ್ಕ ಹೊಸ ಸೊಳ್ಳೆಗೆ ಅನಾಫಿಲಿಸ್ ಏಟ್ಕೆನಿ ಎಂದು ಹೆಸರಾಯಿತು. ಆ ಚೌಕಿಗಳಲ್ಲಿ ಜ್ವರದಿಂದ ನಡುಗುತ್ತಿದ್ದ ಪೇದೆಗಳ ಹೆಸರು ಯಾವ ಸೊಳ್ಳೆಗೂ ಬರಲಿಲ್ಲ. ಕಾರವಾರದಲ್ಲಿ ಮರ ಹತ್ತಿ, ಪೊಟರೆಯ ಗೋಡೆ ಒಡೆದು ಮಂಗಟ್ಟೆಯ ಮರಿಯನ್ನು ಇಳಿಸಿದವರ ಹೆಸರೂ ಅಷ್ಟೇ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಇದು ಹೊಸ ವಿಷಯವಲ್ಲ. ಅಲ್ಲಿ ವಿಜ್ಞಾನಿಯ ಕಣ್ಣಿಗೆ ಕಾಣದ್ದು ಹಳ್ಳಿಯ ಮಂದಣ್ಣನಿಗೆ ಕಾಣುತ್ತದೆ. ವ್ಯತ್ಯಾಸವೆಂದರೆ ಆ ಕರ್ವಾಲೊ ಸಾಹೇಬರು ಮಂದಣ್ಣನನ್ನು ಗುರುತಿಸಿದರು.

ಆಗ ಗುರುತಿಸುವುದೆಂದರೆ ಬಹುಮಟ್ಟಿಗೆ ಕೊಲ್ಲುವುದೂ ಆಗಿತ್ತು. 1908ರ ಸುಮಾರಿಗೆ ಖೇತವಾಡಿಯ ಹುಡುಗನೊಬ್ಬ ಆಟದ ಕೋವಿಯಿಂದ ಗುಬ್ಬಿ ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಗುಬ್ಬಿ ಎಂದು ಕೇಳಿದಾಗ ಸೋದರಮಾವ ಅಮಿರುದ್ದೀನ್ ತಯ್ಯಬ್‌ಜಿ ಅವನನ್ನು ಸೊಸೈಟಿಗೆ ಕಳಿಸಿದರು. ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲರ್ಡ್ ಬೈಯಲಿಲ್ಲ, ಸಂಗ್ರಹದ ಕಪಾಟು ತೆರೆದು ತೋರಿಸಿದರು. ಓದಲು ಕೊಟ್ಟ ಪುಸ್ತಕಗಳಲ್ಲಿ ಏಟ್ಕನ್ ಬರೆದ ಮುಂಬಯಿಯ ಹಕ್ಕಿಗಳ ಪುಸ್ತಕವೂ ಇತ್ತು. ಆ ಹುಡುಗ ಸಲೀಂ ಅಲಿ. ಮಂಗಟ್ಟೆ ವಿಲಿಯಂ ಆಗ ಬದುಕಿತ್ತು.

ಮುಂದೆ 1930ರಲ್ಲಿ, ಕೆಲಸ ಹೋಗಿ ಮುಂಬಯಿ ಬಂದರಿನಾಚೆಯ ಕಿಹೀಮ್‌ನಲ್ಲಿ ಕಾಲ ಕಳೆಯುತ್ತಿದ್ದಾಗ, ಮನೆಯ ಹತ್ತಿರದ ಮರದಲ್ಲಿ ಗೀಜಗನ ಗೂಡುಗಳನ್ನು ಸಲೀಂ ಅಲಿ ದಿನವೂ ಕೂತು ನೋಡಿದರು. ಗಂಡು ಅರ್ಧ ಗೂಡು ಕಟ್ಟಿ ಕಾಯುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಉಳಿದರ್ಧ ಪೂರ್ತಿಯಾಗುತ್ತದೆ, ಆಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಇದನ್ನು ತಿಳಿಯಲು ಕೋವಿ ಬೇಕಾಗಲಿಲ್ಲ, ಒಂದು ಕುರ್ಚಿ ಮತ್ತು ತಿಂಗಳುಗಳ ತಾಳ್ಮೆ ಬೇಕಾಯಿತು.

ಹೀಗೆ ಬದಲಾದ ಕಣ್ಣಿಗೆ ಮುಂಬಯಿಯಲ್ಲೇ ಒಂದು ಕಠಿಣ ಪರೀಕ್ಷೆ ಎದುರಾಯಿತು. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರಿನದು, ಸುತ್ತ ಲಕ್ಷಾಂತರ ಮನೆಗಳು. 2004ರ ಜೂನ್ ಒಂದೇ ತಿಂಗಳಲ್ಲಿ ಸುಮಾರು ಹತ್ತು ಜನ ಚಿರತೆಗೆ ಬಲಿಯಾದರು. ಬೋನಿಟ್ಟು ಹಿಡಿದು ಬೇರೆಡೆ ಬಿಡುವುದೇ ಪರಿಹಾರ ಎಂದು ಆಗ ಎಲ್ಲರೂ ನಂಬಿದ್ದರು. ಗುರುತಿಲ್ಲದ ಜಾಗಕ್ಕೆ ಬಿದ್ದ ಚಿರತೆ ಇನ್ನಷ್ಟು ಅಪಾಯ ತರುತ್ತದೆ ಎಂಬುದನ್ನು ಜುನ್ನರ್ ಸೀಮೆಯಲ್ಲಿ ವಿದ್ಯಾ ಆತ್ರೇಯ ಅವರ ಅಧ್ಯಯನ ತೋರಿಸಿತು. 2011ರಲ್ಲಿ ಉದ್ಯಾನದ ಮುಖ್ಯಸ್ಥರಾಗಿದ್ದ ಸುನಿಲ್ ಲಿಮಯೆ ಅವರ ಕಾಲದಲ್ಲಿ ವಿಜ್ಞಾನಿಗಳು, ಅರಣ್ಯ ಇಲಾಖೆ, ಸುತ್ತಲಿನ ನಾಗರಿಕರು ಸೇರಿ ಕೆಲಸ ಶುರುಮಾಡಿದರು. ಕಸ ತೆಗೆಯಿರಿ, ಕಸಕ್ಕೆ ಬರುವ ನಾಯಿ ಕಡಿಮೆಯಾಗುತ್ತದೆ, ನಾಯಿ ಹುಡುಕಿ ಬರುವ ಚಿರತೆಯೂ ಕಡಿಮೆಯಾಗುತ್ತದೆ. ರಾತ್ರಿ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಕಂಡ ಚಿರತೆಯನ್ನು ಸುತ್ತುವರಿಯಬೇಡಿ. ಹೇಳಿದ್ದು ಇಷ್ಟೇ.

2015ರಲ್ಲಿ ನಿಕಿತ್ ಸುರ್ವೆ ಕ್ಯಾಮೆರಾಗಳನ್ನಿಟ್ಟು ಉದ್ಯಾನ ಮತ್ತು ಆರೆ ಸುತ್ತಮುತ್ತ 35 ಚಿರತೆಗಳನ್ನು ಗುರುತಿಸಿದರು. ಒಂದರ ಚುಕ್ಕೆಯ ವಿನ್ಯಾಸ ಇನ್ನೊಂದಕ್ಕಿರುವುದಿಲ್ಲ, ಒಂದೇ ಚಿರತೆಯ ಎಡ ಮತ್ತು ಬಲ ಮೈಯೂ ಬೇರೆಬೇರೆ. 'ಚಿರತೆ ಬಂತು' ಎಂಬ ಮಾತಿಗೂ, 'ಇದು ಕಳೆದ ವರ್ಷದಿಂದ ಇಲ್ಲೇ ಇರುವ, ಯಾರಿಗೂ ತೊಂದರೆ ಕೊಡದ ಹೆಣ್ಣು' ಎಂಬ ಮಾತಿಗೂ ನಡುವೆ ಒಂದು ಜೀವ ಉಳಿಯುವಷ್ಟು ಅಂತರವಿದೆ. ಆ ಕಾಡಿನಲ್ಲೇ ತಲೆತಲಾಂತರದಿಂದ ಇರುವ ವರ್ಲಿ ಆದಿವಾಸಿಗಳು ವಾಘೋಬಾನಿಗೆ ಗುಡಿ ಕಟ್ಟಿ ಪೂಜಿಸುತ್ತಾ ಇದೇ ಅಂತರವನ್ನು ತಮ್ಮ ರೀತಿಯಲ್ಲಿ ಕಾಯ್ದುಕೊಂಡಿದ್ದರು.

ಚಿಕ್ಕ ಜೀವಿಗಳ ಪಟ್ಟಿಯೂ ಇದೇ ಊರಿನಲ್ಲಿ ಬೆಳೆಯಿತು. ಹಾಲಿನ ಡೇರಿಗಾಗಿ 1949ರಲ್ಲಿ ಹುಟ್ಟಿದ ಆರೆ ಕಾಲನಿಯಿಂದ 2010ರಲ್ಲಿ ಒಂದು ಹೊಸ ಚೇಳು ವಿಜ್ಞಾನಕ್ಕೆ ಸೇರಿತು. ಅದರ ಹೆಸರು ಲೈಕಾಸ್ ಆರೆಯೆನ್ಸಿಸ್. 2021ರಲ್ಲಿ ಆರೆ ಮತ್ತು ಠಾಣೆಯಿಂದ ಎರಡು ನೆಗೆಯುವ ಜೇಡಗಳು ಸೇರಿದವು. ಆರೆಯದಕ್ಕೆ ಫಿಂಟೆಲ್ಲಾ ಚೋಲ್ಕೆಯಿ ಎಂಬ ಹೆಸರು, ಠಾಣೆಯದಕ್ಕೆ ಐಸಿಯಸ್ ತುಕಾರಾಮಿ ಎಂಬ ಹೆಸರು. 2008ರ ನವೆಂಬರ್ 26ರ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಗುಂಡುಗಳಿಗೆ ಎದೆಯೊಡ್ಡಿ ಕಸಬ್‌ನನ್ನು ಹಿಡಿದ ಪೊಲೀಸ್ ತುಕಾರಾಮ್ ಓಂಬಳೆ ಅವರ ನೆನಪಿನ ಹೆಸರು ಅದು. ಚೌಕಿಯ ಪೇದೆಗಳ ಹೆಸರು ಸೊಳ್ಳೆಗೆ ಬಾರದ ಕಾಲದಿಂದ ಇಲ್ಲಿಗೆ ನೂರು ವರ್ಷ ಮೀರಿದೆ.

ಹೆಸರು ಬಂದ ಮಾತ್ರಕ್ಕೆ ಜಾಗ ಉಳಿಯುವುದಿಲ್ಲ. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿದ ರಾತ್ರಿಯೇ ಮೆಟ್ರೊ ಕಾರ್ ಶೆಡ್ಡಿಗಾಗಿ ಆರೆಯಲ್ಲಿ ಗರಗಸ ಶುರುವಾಯಿತು. ಸುಪ್ರೀಂ ಕೋರ್ಟ್ 7ರಂದು ತಡೆಯುವಷ್ಟರಲ್ಲಿ 2,141 ಮರಗಳು ಬಿದ್ದಿದ್ದವು. ಮರುವರ್ಷ ಸರಕಾರ ಆರೆಯ ಸುಮಾರು 800 ಎಕರೆಯನ್ನು ಮೀಸಲು ಅರಣ್ಯವಾಗಿಸಲು ಹೊರಟಿತು. 2022ರಲ್ಲಿ ಕಾರ್ ಶೆಡ್ ಆರೆಗೇ ಮರಳಿತು. ಅದು ಕಾಡೇ ಅಲ್ಲ, ಬರೀ ಡೇರಿ ಜಮೀನು ಎಂಬ ವಾದದ ಎದುರು ಜನ ಮುಂದಿಟ್ಟದ್ದು ಹವ್ಯಾಸಿಗಳೂ ಸಂಶೋಧಕರೂ ವರ್ಷಗಟ್ಟಲೆ ಬರೆದಿಟ್ಟ ಚೇಳು, ಜೇಡ, ಕಪ್ಪೆ, ಚಿರತೆಗಳ ಲೆಕ್ಕವನ್ನು. ಆ ಲೆಕ್ಕ ಅಷ್ಟೂ ಮರಗಳನ್ನು ಉಳಿಸಲಿಲ್ಲ. ಆದರೆ ಅದಿಲ್ಲದಿದ್ದರೆ ಹೋದದ್ದು ಏನೆಂದು ಹೇಳುವುದಕ್ಕೂ ಯಾರಿಗೂ ಬರುತ್ತಿರಲಿಲ್ಲ.

ಏಟ್ಕನ್ 1909ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ವಿಲಿಯಂನ ಕಾಡಿನ ಒಂದು ಭಾಗಕ್ಕೆ, ದಾಂಡೇಲಿಯ ಸುತ್ತ, 2011ರಲ್ಲಿ ಮಂಗಟ್ಟೆಗಳ ಹೆಸರಿನಲ್ಲೇ ಸಂರಕ್ಷಿತ ಪ್ರದೇಶದ ಸ್ಥಾನ ಸಿಕ್ಕಿತು. ಅಲ್ಲಿ ಈಗಲೂ ಬೇಸಿಗೆಯಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡು ಹೊರಗಿನಿಂದ ಒಂದೊಂದೇ ಅತ್ತಿಹಣ್ಣು ತಂದು ಆ ಸಣ್ಣ ಸೀಳಿನಲ್ಲಿ ಕೊಡುತ್ತದೆ. ನೋಡಲು ಬಂದವರು ದೂರದಲ್ಲೇ ನಿಂತು, ದಿನ ಮತ್ತು ಹೊತ್ತು ಬರೆದುಕೊಂಡು, ಮರ ಹತ್ತದೆ ವಾಪಸಾಗುತ್ತಾರೆ.